ಹಾಜರಿ ಕೂಗಬೇಕಾದವರು ಯಾರು?

"ಫೋನಲ್ಲಿ ಬೇಡ, ಸಿಕ್ಕಾಗ ಮಾತಾಡೋಣ."

ಈ ಮಾತು ಈಗ ನಮ್ಮ ನಡುವೆ ನಮಸ್ಕಾರದಷ್ಟೇ ಮಾಮೂಲಿಯಾಗಿದೆ. ಆಡುವವರು ಕಳ್ಳಸಾಗಣೆದಾರರಲ್ಲ. ಕೆರೆ ಒತ್ತುವರಿ ವಿರುದ್ಧ ಅರ್ಜಿ ಬರೆಯುವ ಮೇಷ್ಟ್ರು ಆಡುತ್ತಾರೆ. ಅಂಗನವಾಡಿ ಕಾರ್ಯಕರ್ತೆಯರ ಧರಣಿಗೆ ಜನ ಸೇರಿಸುವ ಹೆಣ್ಣುಮಗಳು ಆಡುತ್ತಾಳೆ. ಪದ್ಯ ಬರೆಯುವ ನನ್ನ ಗೆಳೆಯನೂ ಆಡುತ್ತಾನೆ. ಮೊನ್ನೆ ಅವನು ವಾಟ್ಸಾಪಿನಲ್ಲಿ ಒಂದು ಪದ್ಯ ಕಳಿಸಿದ. ನಾನು ಕನ್ನಡಕ ಹುಡುಕಿ ಹಾಕಿಕೊಳ್ಳುವಷ್ಟರಲ್ಲಿ ಅಳಿಸಿದ್ದ. ಕೇಳಿದರೆ, "ಬಿಡೋ, ಮನೇಲಿ ಮಕ್ಕಳಿದ್ದಾರೆ" ಅಂದ. ಯಾವ ಪೊಲೀಸೂ ಅವನ ಬಾಗಿಲು ಬಡಿದಿರಲಿಲ್ಲ. ಯಾವ ನೋಟಿಸೂ ಬಂದಿರಲಿಲ್ಲ. ಅವನ ಎದೆಯೊಳಗೇ ಒಂದು ಠಾಣೆ ತೆರೆದಾಗಿತ್ತು. ನನ್ನ ಸಿಟ್ಟು ಆ ಠಾಣೆಯ ಮೇಲೆ.

ಇದೆಲ್ಲ ಇಂಟರ್ನೆಟ್ ಕಾಲದ ಹೊಸ ಕಾಯಿಲೆ ಅನ್ನುವವರು ಒಮ್ಮೆ ಹುಬ್ಬಳ್ಳಿಯ ಸೆಟ್ಲಮೆಂಟಿಗೆ ಹೋಗಿ ಬರಲಿ. 1871ರಲ್ಲಿ ಬ್ರಿಟಿಷರು 'ಅಪರಾಧಿ ಬುಡಕಟ್ಟು'ಗಳ ಕಾಯ್ದೆ ತಂದರು. 1911ರಲ್ಲಿ ಅದನ್ನು ಬಿಗಿ ಮಾಡಿ ನಮ್ಮ ಸೀಮೆಗೂ ಚಾಚಿದರು. ಕೊರಚರು, ಗಂಟಿಚೋರರು, ಹರಣಶಿಕಾರಿಗಳು ಮುಂತಾದವರಿಗೆ ಹುಟ್ಟಿದ ಕುಲವೇ ಅಪರಾಧವಾಯಿತು. ಸೆಟ್ಲಮೆಂಟೆಂಬ ಬೇಲಿಯೊಳಗೆ ಅವರನ್ನು ಕೂಡಿಹಾಕಿದರು. ಬೆರಳಚ್ಚು ಕೊಡಬೇಕು, ಹಾಜರಿ ಹಾಕಬೇಕು, ಹೊರಗೆ ಹೋಗಲು ಚೀಟಿ ಬೇಕು. ಬೇಲಿಯೊಳಗೆ ಹೆಸರು ಕೂಗಿದಾಗ 'ಹಾಜರ್' ಅನ್ನದವನು ಕಳ್ಳ. "ತಪ್ಪು ಮಾಡದವನಿಗೆ ಭಯವೇಕೆ?" ಎಂದು ಇವತ್ತು ನನಗೆ ಪಾಠ ಹೇಳುವ ಮಹನೀಯರೇ, ಆ ಬೇಲಿಯೊಳಗೆ ಕಣ್ಣುಬಿಟ್ಟ ಕೂಸು ಯಾವ ತಪ್ಪು ಮಾಡಿತ್ತು? ಕಾವಲಿಗೆ ತಪ್ಪು ಬೇಕಿಲ್ಲ. ಪಟ್ಟಿ ಇದ್ದರೆ ಸಾಕು.

ದೇಹಕ್ಕೆ ಹಾಜರಿ ಹಾಕಿಸಿದ ಅದೇ ಆಳ್ವಿಕೆ 1885ರಲ್ಲಿ ಟೆಲಿಗ್ರಾಫ್ ಕಾಯ್ದೆ ತಂದು ಮಾತಿಗೂ ಹಾಜರಿ ಹಾಕಿಸಿತು. 'ಸಾರ್ವಜನಿಕ ತುರ್ತು', 'ಸಾರ್ವಜನಿಕ ಸುರಕ್ಷತೆ' ಎಂದರೆ ಸಾಕು, ಯಾರ ಸಂದೇಶವನ್ನಾದರೂ ತಡೆಯಬಹುದು. ಮೊದಲನೆಯ ಕಾಯ್ದೆ 1952ರಲ್ಲಿ ರದ್ದಾಯಿತು. ಎರಡನೆಯದು ಸ್ವತಂತ್ರ ಭಾರತದಲ್ಲಿ ಸುಖವಾಗಿ ಬಾಳಿತು. 138 ವರ್ಷಗಳ ನಂತರ, 2023ರಲ್ಲಿ, ಅದರ ಜಾಗಕ್ಕೆ ಹೊಸ ದೂರಸಂಪರ್ಕ ಕಾಯ್ದೆ ಬಂತು. ಅದರ 20ನೇ ಕಲಂ ಓದಿ ನೋಡಿ. ಅದೇ ತುರ್ತು, ಅದೇ ಸುರಕ್ಷತೆ. ವಸಾಹತುಶಾಹಿಯ ಕುರುಹು ಅಳಿಸುತ್ತೇವೆಂದು ಎದೆ ತಟ್ಟಿಕೊಂಡವರು ದೊರೆಗಳ ಕಿವಿಯನ್ನು ಮಾತ್ರ ಕಿತ್ತು ತಂದು ತಮ್ಮ ತಲೆಗೆ ಅಂಟಿಸಿಕೊಂಡರು.

ಆ ಕಿವಿ ಕೆಲಸ ಮಾಡುವ ರೀತಿ ನೋಡಿ. ಫೋನ್ ಕದ್ದಾಲಿಸಲು ನ್ಯಾಯಾಧೀಶರ ಅಪ್ಪಣೆ ಬೇಡ. ಗೃಹ ಕಾರ್ಯದರ್ಶಿಯ ಸಹಿ ಸಾಕು. ಅದು ಸರಿಯೋ ತಪ್ಪೋ ಎಂದು ಪರಿಶೀಲಿಸುವ ಸಮಿತಿಯಲ್ಲಿರುವವರೂ ಸರ್ಕಾರದ ಕಾರ್ಯದರ್ಶಿಗಳೇ. ಎರಡು ತಿಂಗಳಿಗೊಮ್ಮೆ ಸೇರುವ ಈ ಸಮಿತಿಯ ಒಂದೊಂದು ಸಭೆಯ ಮುಂದೆ 15ರಿಂದ 18 ಸಾವಿರ ಆದೇಶಗಳಿರುತ್ತವೆ. ನಾನು ಹೇಳುತ್ತಿರುವುದಲ್ಲ, ಸರ್ಕಾರವೇ ನೇಮಿಸಿದ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿ 2018ರಲ್ಲಿ ಬರೆದ ಮಾತು. ಅಂದರೆ ಗೃಹ ಕಾರ್ಯದರ್ಶಿ ತಿಂಗಳ ಮೂವತ್ತೂ ದಿನ ಕೂತರೂ ದಿನಕ್ಕೆ ಇನ್ನೂರೈವತ್ತು, ಮುನ್ನೂರು ಸಹಿ. ಒಂದು ಮನೆಯ ಗಂಡ ಹೆಂಡಿರ ಮಾತು, ಒಬ್ಬ ವಕೀಲನಿಗೆ ಕಕ್ಷಿದಾರ ಹೇಳಿಕೊಂಡ ಗುಟ್ಟು, ಒಬ್ಬ ವರದಿಗಾರನಿಗೆ ಬಂದ ಸುಳಿವು, ಇವುಗಳನ್ನು ತೆರೆಯುವ ಮೊದಲು ಒಬ್ಬ ಅಧಿಕಾರಿ ಎರಡು ನಿಮಿಷವನ್ನೂ ಯೋಚಿಸಿರಲಾರ!

ಇದು ಒಂದು ಪಕ್ಷದ ಪಾಪವಲ್ಲ. 1988ರಲ್ಲಿ ಕದ್ದಾಲಿಕೆಯ ಆರೋಪಕ್ಕೆ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಕುರ್ಚಿ ಬಿಟ್ಟರು. 2019ರಲ್ಲಿ ಇದೇ ರಾಜ್ಯದ ಕದ್ದಾಲಿಕೆ ಪ್ರಕರಣ ಸಿಬಿಐಗೆ ಹೋಯಿತು. ದೊಡ್ಡವರ ಫೋನಿಗೆ ಕಿವಿಯಿಟ್ಟರೆ ಕುರ್ಚಿ ಅಲ್ಲಾಡುತ್ತದೆ. ಬಡವರ ಇಡೀ ಊರಿನ ಇಂಟರ್ನೆಟ್ ಕಿತ್ತರೆ ಒಬ್ಬ ಗುಮಾಸ್ತನೂ ಉತ್ತರ ಹೇಳಬೇಕಿಲ್ಲ. 2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಪೌರತ್ವ ಕಾಯ್ದೆ ವಿರೋಧಿ ಪ್ರತಿಭಟನೆಯ ವೇಳೆ ಪೊಲೀಸರ ಗುಂಡಿಗೆ ಇಬ್ಬರು ಸತ್ತರು. ಆ ರಾತ್ರಿಯಿಂದ 48 ಗಂಟೆ ಇಂಟರ್ನೆಟ್ ಬಂದ್. ಸತ್ತವರು ಯಾರು, ನಮ್ಮ ಹುಡುಗ ಎಲ್ಲಿದ್ದಾನೆ ಎಂದು ತಾಯಂದಿರು ಕಂಗಾಲಾಗಿದ್ದ ಹೊತ್ತದು. ಕಾಶ್ಮೀರಕ್ಕೆ ಅದೇ ವರ್ಷದ ಆಗಸ್ಟ್ 5ರಂದು ಕವಿದ ಕತ್ತಲೆ ಇನ್ನೂ ಉದ್ದದ್ದು. ಅಲ್ಲಿ 4ಜಿ ಪೂರ್ತಿಯಾಗಿ ಮರಳಿದ್ದು 2021ರ ಫೆಬ್ರುವರಿಯಲ್ಲಿ. ಒಂದೂವರೆ ವರ್ಷ!

ಬೀದರ್‌ನ ಮಕ್ಕಳನ್ನು ನಾನು ಮರೆಯಲಾರೆ. 2020ರ ಜನವರಿಯಲ್ಲಿ ಅಲ್ಲೊಂದು ಶಾಲೆಯ ಮಕ್ಕಳು ಪೌರತ್ವ ಕಾಯ್ದೆಯ ಬಗ್ಗೆ ಪುಟ್ಟ ನಾಟಕ ಆಡಿದರು. ಅದರ ವಿಡಿಯೊ ಫೇಸ್‌ಬುಕ್ಕಿಗೆ ಹೋಯಿತು. ಬಂತು ನೋಡಿ ರಾಜದ್ರೋಹದ ಕೇಸು! ಮುಖ್ಯ ಶಿಕ್ಷಕಿಯನ್ನೂ ಒಬ್ಬ ವಿದ್ಯಾರ್ಥಿನಿಯ ತಾಯಿಯನ್ನೂ ಸುಮಾರು ಎರಡು ವಾರ ಜೈಲಿನಲ್ಲಿಟ್ಟರು. ಪೊಲೀಸರು ಶಾಲೆಗೆ ಮತ್ತೆ ಮತ್ತೆ ಹೋಗಿ ಪುಟ್ಟ ಮಕ್ಕಳನ್ನು ವಿಚಾರಿಸಿದರು. ಶಾಲೆಯ ಆಡಳಿತದವರ ಮೇಲಿನ ಪ್ರಕರಣವನ್ನು 2023ರಲ್ಲಿ ಹೈಕೋರ್ಟಿನ ಕಲಬುರಗಿ ಪೀಠ ರದ್ದು ಮಾಡಿತು. ಆದರೆ ಆ ತರಗತಿಯಲ್ಲಿ ಕೂತಿದ್ದ ಮಗು ಕಲಿತ ಪಾಠವನ್ನು ಯಾವ ಪೀಠ ರದ್ದು ಮಾಡುತ್ತದೆ? ಬಾಯಿ ಬಿಟ್ಟರೆ ಅಮ್ಮ ಜೈಲಿಗೆ ಹೋಗುತ್ತಾಳೆ ಎಂಬ ಪಾಠ ಅದು.

ನ್ಯಾಯಾಲಯಗಳು ಒಳ್ಳೆಯ ಮಾತು ಆಡಿಲ್ಲವೆಂದಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಕ್ಕೊರಲಿನಿಂದ ಸಾರಿದರು. ಆ ಮೊಕದ್ದಮೆ ಹೂಡಿದವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ಮೇಲೆ ಕೋರ್ಟಿನ ಮೆಟ್ಟಿಲು ಹತ್ತಿದ ಆ ಹಿರಿಯರಿಗೆ ನನ್ನ ನಮಸ್ಕಾರ. ಅಂತರ್ಜಾಲದಲ್ಲಿ ಬರೆದ ಮಾತಿಗೆ ಜೈಲು ತೋರಿಸುತ್ತಿದ್ದ ಐಟಿ ಕಾಯ್ದೆಯ 66ಎ ಕಲಂ 2015ರಲ್ಲೇ ಬಿದ್ದುಹೋಯಿತು. ಆದರೂ ಪೊಲೀಸರು ಆ ಸತ್ತ ಕಲಮಿನಡಿ ಕೇಸು ಹಾಕುತ್ತಲೇ ಇದ್ದರು. ಹಾಕಬೇಡಿ ಎಂದು 2022ರಲ್ಲಿ ಸುಪ್ರೀಂ ಕೋರ್ಟೇ ಮತ್ತೆ ಹೇಳಬೇಕಾಯಿತು. ಫೋನಿನೊಳಗೆ ನುಸುಳುವ ಪೆಗಾಸಸ್ ತಂತ್ರಾಂಶದ ಗೂಢಚರ್ಯೆಯ ತನಿಖೆಗೆ ಕೋರ್ಟು ಸಮಿತಿ ಮಾಡಿತು. 29 ಫೋನು ಪರೀಕ್ಷಿಸಿ, ಐದರಲ್ಲಿ ಕುತಂತ್ರಾಂಶ ಸಿಕ್ಕಿತು. ಅದು ಪೆಗಾಸಸ್ಸೇ ಎಂದು ಖಚಿತವಾಗಲಿಲ್ಲ. ಸರ್ಕಾರ ಸಹಕರಿಸಲಿಲ್ಲ ಎಂದು ಮುಖ್ಯ ನ್ಯಾಯಮೂರ್ತಿಯೇ ತೆರೆದ ನ್ಯಾಯಾಲಯದಲ್ಲಿ ಹೇಳಿದರು.

ಇಲ್ಲಿಗೆ ಬಂದಾಗ ನನ್ನ ರಕ್ತ ಕುದಿಯುತ್ತದೆ. ನಮ್ಮ ಲಕೋಟೆಯನ್ನು ನಮಗಿಂತ ಮೊದಲು ಒಡೆಯುವವರ ಲಕೋಟೆ ಮಾತ್ರ ಯಾವಾಗಲೂ ಮೊಹರು ಬಿದ್ದೇ ಇರುತ್ತದೆ. ಜಾಲತಾಣದ ಒಂದು ಖಾತೆ ಮುಚ್ಚಿಸಿದ ಆದೇಶವನ್ನು ಗುಟ್ಟಾಗಿಡಬೇಕೆಂದು ಐಟಿ ಕಾಯ್ದೆಯ 2009ರ ನಿಯಮಗಳಲ್ಲೇ ಬರೆದಿದ್ದಾರೆ. ಈಗ 'ಸಹಯೋಗ್' ಪೋರ್ಟಲ್ ಬಂದಿದೆ. ಇದನ್ನು ಅಳಿಸಿ ಎಂದು ಸರ್ಕಾರ ನೇರವಾಗಿ ಕಂಪನಿಗೆ ಹೇಳುವ ಕಿಂಡಿ ಅದು. ಅದನ್ನು ಪ್ರಶ್ನಿಸಿದ ಎಕ್ಸ್ ಕಂಪನಿಯ ಅರ್ಜಿಯನ್ನು 2025ರ ಸೆಪ್ಟೆಂಬರಿನಲ್ಲಿ ನಮ್ಮ ಹೈಕೋರ್ಟು ವಜಾ ಮಾಡಿತು. ನಾನು ಆ ಕಂಪನಿಗಳ ವಕೀಲನಲ್ಲ. ಅವು ನಮ್ಮ ಇಷ್ಟ, ಕಷ್ಟ, ಕಾಯಿಲೆಗಳನ್ನೆಲ್ಲ ಅಳೆದು ಜಾಹೀರಾತಿನ ಸಂತೆಗೆ ಸುರಿಯುವ ದಲ್ಲಾಳಿಗಳು. ನನ್ನ ತಕರಾರು ಬೇರೆ. ಸರ್ಕಾರಕ್ಕೂ ಕಂಪನಿಗೂ ನಡೆದ ಆ ಮಾತುಕತೆಯಲ್ಲಿ ಬರೆದವನು ಎಲ್ಲಿದ್ದಾನೆ? ಯಾರ ನಾಲಗೆ ಕತ್ತರಿಸುತ್ತಿದ್ದಾರೋ ಅವನನ್ನು ಒಂದು ಮಾತು ಕೇಳುವುದು ಬೇಡವೇ?

ಹಾಗಾದರೆ ಕೊಲೆಗಡುಕರನ್ನು, ಮಕ್ಕಳನ್ನು ಮಾರುವವರನ್ನು ಹಿಡಿಯುವುದು ಹೇಗೆ ಎಂದು ಕೇಳುತ್ತೀರಿ. ಹಿಡಿಯಿರಿ. ನ್ಯಾಯಾಧೀಶರ ಮುಂದೆ ಹೋಗಿ ಕಾರಣ ಹೇಳಿ, ಅಪ್ಪಣೆ ತಂದು, ಕೇಳಿಸಿಕೊಳ್ಳಿ. ತನಿಖೆ ಮುಗಿದ ಮೇಲೆ, ನಿನ್ನ ಮಾತು ಕೇಳಿದ್ದೆವು ಎಂದು ಆ ಮನುಷ್ಯನಿಗೆ ತಿಳಿಸಿ. ಇಷ್ಟೇ ನಮ್ಮ ಬೇಡಿಕೆ.

2023ರ ಜನವರಿಯಿಂದ ನರೇಗಾ ಕೆಲಸದಲ್ಲಿ ಹೆಂಗಸರು ದಿನಕ್ಕೆರಡು ಬಾರಿ ಮೊಬೈಲ್ ಕ್ಯಾಮೆರಾದ ಮುಂದೆ ಸಾಲಾಗಿ ನಿಂತು ಹಾಜರಿ ಕೊಡಬೇಕಾಯಿತು. ಅದನ್ನು ನೋಡಿದಾಗ ನನಗೆ ಸೆಟ್ಲಮೆಂಟಿನ ಬೇಲಿ ಕಂಡಿತು. ನೂರೈವತ್ತು ವರ್ಷದಿಂದ ಮೇಲಿನವರು ಕೂಗುತ್ತಲೇ ಇದ್ದಾರೆ, ಕೆಳಗಿನವರು 'ಹಾಜರ್' ಅನ್ನುತ್ತಲೇ ಇದ್ದಾರೆ. ಪ್ರಜಾಪ್ರಭುತ್ವದಲ್ಲಿ ಆ ಹಾಜರಿ ಪುಸ್ತಕ ನಮ್ಮ ಕೈಯಲ್ಲಿರಬೇಕಿತ್ತು. ಇನ್ನು ಕೂಗುವವರು ನಾವು. ಈ ವರ್ಷ ಎಷ್ಟು ಫೋನು ಕೇಳಿದಿರಿ? ಎಷ್ಟು ಬರಹ ಅಳಿಸಿದಿರಿ? ಯಾರ ಸಹಿ? ಯಾವ ಕಾರಣ? ಎದ್ದು ನಿಂತು ಹೇಳಿ.

ಗೆಳೆಯಾ, ಆ ಪದ್ಯ ಮತ್ತೆ ಕಳಿಸು. ಕನ್ನಡಕ ಹಾಕಿಕೊಂಡೇ ಕೂತಿದ್ದೇನೆ.