ಕೂದಲು ಉದುರೋದಕ್ಕೆ ಬೋರ್ ನೀರೇ ಕಾರಣನಾ? ಶಾಂಪೂ ಬದಲಿಸೋ ಮುಂಚೆ ನೀರು ಪರೀಕ್ಷೆ ಮಾಡಿಸಿ

ಹಾಸನ: ‘ಊರಲ್ಲಿದ್ದಾಗ ಕೂದಲು ಚೆನ್ನಾಗಿತ್ತು, ಇಲ್ಲಿಗೆ ಬಂದ ಮೇಲೆ ಹಿಡಿ ಹಿಡಿ ಉದುರ್ತಿದೆ.’ ಹಾಸನದ ಪಿಜಿ, ಹಾಸ್ಟೆಲ್‌ಗಳಲ್ಲಿ, ಮಲೆನಾಡಿಂದ ಚನ್ನರಾಯಪಟ್ಟಣದ ಕಡೆಗೆ ಸೊಸೆಯಾಗಿ ಬಂದವರ ಮನೆಗಳಲ್ಲಿ ಈ ಮಾತು ಹೊಸದಲ್ಲ. ತೀರ್ಪೂ ಜೊತೆಗೇ ರೆಡಿ ಇರುತ್ತೆ: ‘ಬೋರ್ ನೀರು ಕಣ್ರೀ, ಅದಕ್ಕೇ ಹಂಗೆ.’

ಅಲ್ಲಿಂದ ಖರ್ಚು ಶುರು. ಒಂದು ಶಾಂಪೂ ಬಿಟ್ಟು ಇನ್ನೊಂದು, ಆಮೇಲೆ ಒಂದು ಎಣ್ಣೆ, ಆಮೇಲೆ ಬಚ್ಚಲಮನೆಗೆ ಶವರ್ ಫಿಲ್ಟರ್. ಇಷ್ಟೆಲ್ಲ ಆದರೂ ನಲ್ಲಿಯಲ್ಲಿ ಬರೋ ನೀರಲ್ಲಿ ಏನಿದೆ ಅಂತ ನೋಡಿದವರು ಕಮ್ಮಿ. ನೀರಿನ ಮೇಲಿನ ಆರೋಪ ಅರ್ಧ ನಿಜ, ಅರ್ಧ ತಪ್ಪು. ಯಾವ ಅರ್ಧ ನಿಜ ಅಂತ ಗೊತ್ತಾದರೆ ದುಡ್ಡೂ ಉಳಿಯುತ್ತೆ, ಕೆಲವರಿಗೆ ಆರೋಗ್ಯವೂ ಉಳಿಯುತ್ತೆ.

ಒಂದೇ ಜಿಲ್ಲೆ, ಎರಡು ಥರದ ನೀರು

ಮೂಡಿಗೆರೆ ಕಡೆ ಹುಟ್ಟೋ ಹೇಮಾವತಿ ಸಕಲೇಶಪುರ ದಾಟಿ ಗೊರೂರಿನ ಜಲಾಶಯಕ್ಕೆ ಬರುತ್ತೆ. ಸಕಲೇಶಪುರದ ಕಡೆ ವರ್ಷಕ್ಕೆ 2 ಸಾವಿರ ಮಿಲಿಮೀಟರ್‌ಗೂ ಹೆಚ್ಚು ಮಳೆ. ಆ ಮಳೆ ನೀರೇ ಹೊಳೆಯಾಗಿ ಇಳಿಯೋದರಿಂದ ಕಲ್ಲಿನ ಲವಣ ಅದಕ್ಕೆ ಹೆಚ್ಚು ಸೇರಲ್ಲ. ಇದು ಮೆದು ನೀರು. ಹಾಸನ ನಗರಕ್ಕೆ ಬರೋದು ಈ ಗೊರೂರಿನ ನೀರು. ಹೊಳೆನರಸೀಪುರದ ಹೆಸರಲ್ಲೇ ಹೊಳೆ ಇದೆ. ಅರಕಲಗೂಡು ತಾಲ್ಲೂಕಿನ ಕೊಣನೂರು, ರಾಮನಾಥಪುರದ ಪಕ್ಕದಲ್ಲಿ ಕಾವೇರಿ ಹರಿಯುತ್ತೆ.

ಚನ್ನರಾಯಪಟ್ಟಣ ತಾಲ್ಲೂಕಿನ ಹೆಚ್ಚಿನ ಹಳ್ಳಿಗಳಿಗೆ ಹೊಳೆ ದೂರ, ಮಳೆಯೂ ಕಮ್ಮಿ. ಗೊರೂರಿನ ಎಡದಂಡೆ ಕಾಲುವೆಯ ನೀರು ಈ ತಾಲ್ಲೂಕಿನ ಮೇಲೇ ಹಾದು, ಬಾಗೂರು-ನವಿಲೆ ಸುರಂಗದ ಮೂಲಕ ತುಮಕೂರಿನ ಕಡೆಗೆ ಹೋಗುತ್ತೆ. ಹೊಳೆ ನೀರಿನ ಪೈಪ್ ತಲುಪದ ಊರಲ್ಲಿ ಮಾತ್ರ ಬೋರ್‌ವೆಲ್ಲೇ ಗತಿ. ಹೊಳೆನರಸೀಪುರ, ಅರಕಲಗೂಡು ತಾಲ್ಲೂಕುಗಳಲ್ಲೂ ಹೊಳೆ, ಕಾಲುವೆಯಿಂದ ಒಳಗಿರೋ ಹಳ್ಳಿಗಳದ್ದು ಇದೇ ಕಥೆ.

ಬೋರ್ ನೀರು ಗಡಸಾಗೋದು ಕೆಳಗಿರೋ ಕಲ್ಲಿಂದ. ಬಂಡೆಯ ಬಿರುಕಲ್ಲಿ ವರ್ಷಗಟ್ಟಲೆ ನಿಂತ ನೀರು ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳನ್ನು ಕರಗಿಸಿಕೊಳ್ಳುತ್ತೆ. ಹೊಳೆನರಸೀಪುರ ಮತ್ತು ನುಗ್ಗೇಹಳ್ಳಿಯ ಹೆಸರಿನ ಎರಡು ಶಿಲಾಪಟ್ಟಿಗಳು ಭೂವಿಜ್ಞಾನಿಗಳಿಗೆ ಚೆನ್ನಾಗಿ ಗೊತ್ತು. ಎರಡೂ 300 ಕೋಟಿ ವರ್ಷಕ್ಕಿಂತ ಹಳೆಯವು. ಬೈರಾಪುರದ ಕ್ರೋಮೈಟ್ ಗಣಿ ಇರೋದು ನುಗ್ಗೇಹಳ್ಳಿ ಪಟ್ಟಿಯಲ್ಲೇ. ಇಂಥ ಪಟ್ಟಿಗಳಲ್ಲಿ ಮೆಗ್ನೀಷಿಯಂ ಜಾಸ್ತಿ ಇರೋ ಕಲ್ಲುಗಳಿವೆ. ಹಾಗಂತ ಎಲ್ಲ ಬೋರೂ ಒಂದೇ ಅಲ್ಲ. ಪಕ್ಕಪಕ್ಕದ ಎರಡು ತೋಟದ ಬೋರ್‌ಗಳಲ್ಲೇ ನೀರಿನ ರುಚಿ ಬೇರೆ ಇರುತ್ತೆ.

ತಲೆಗೆ ಏನಾಗುತ್ತೆ?

ಗಡಸು ನೀರಲ್ಲಿ ಸೋಪು ಹಚ್ಚಿದರೆ ಕ್ಯಾಲ್ಸಿಯಂ ಸೋಪಿನ ಜೊತೆ ಸೇರಿ ಮೊಸರಿನ ಹಾಗೆ ಒಡೆದು ಜಿಡ್ಡಾಗುತ್ತೆ. ಬಕೆಟ್ ಅಂಚಲ್ಲಿ ಬಿಳಿ ಗೆರೆ ಕಟ್ಟೋದು ಇದೇ. ತಲೆಗೆ ಸೋಪು ಹಾಕೋರಿಗೆ ಇದು ಕೂದಲ ಮೇಲೂ ಕೂರುತ್ತೆ. ಶಾಂಪೂ ಹೀಗೆ ಒಡೆಯಲ್ಲ. ಆದರೂ ನೀರಿನ ಲವಣ ಕೂದಲಿಗೆ ಅಂಟಿಕೊಳ್ಳುತ್ತೆ. ಕೂದಲು ಒರಟಾಗುತ್ತೆ, ಮಿಂಚು ಹೋಗುತ್ತೆ, ಬಾಚುವಾಗ ಸಿಕ್ಕಾಗುತ್ತೆ. ಬಣ್ಣ ಹಾಕಿಸಿದ, ಸ್ಟ್ರೈಟ್ನಿಂಗ್ ಮಾಡಿಸಿದ ಕೂದಲು ಲವಣವನ್ನು ಇನ್ನೂ ಬೇಗ ಹಿಡಿಯುತ್ತೆ.

ಮೆದು ನೀರಿಗೆ ಸ್ವಲ್ಪ ಶಾಂಪೂ ಹಾಕಿದರೂ ನೊರೆ ಬರುತ್ತೆ. ಸಕಲೇಶಪುರದ ಕಡೆಯಿಂದ ಬಂದವರಿಗೆ ಬಯಲುಸೀಮೆಯ ಬೋರ್ ನೀರು ಮೊದಲ ದಿನವೇ ಬೇರೆ ಅನ್ನಿಸೋದು ಇದಕ್ಕೇ. ಇಷ್ಟರ ಮಟ್ಟಿಗೆ ಆರೋಪ ನಿಜ.

ಉದುರೋದು ಬೇರೆ, ತುಂಡಾಗೋದು ಬೇರೆ

ನೀರು ಮುಟ್ಟೋದು ಹೊರಗಿರೋ ಕೂದಲನ್ನು. ಕೂದಲು ಹುಟ್ಟೋದು ಚರ್ಮದ ಒಳಗೆ, ಬೇರಲ್ಲಿ. ಗಡಸು ನೀರು ಬೇರನ್ನೇ ಕೀಳುತ್ತೆ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ.

ಕೂದಲಿನ ಬಲದ ಬಗ್ಗೆಯೂ ಸಂಶೋಧನೆಗಳು ಒಂದೇ ಮಾತು ಹೇಳಿಲ್ಲ. 2013ರಲ್ಲಿ ಕೊಯಮತ್ತೂರಿನ ವೈದ್ಯರು 15 ಮಹಿಳೆಯರ ಕೂದಲು ತಗೊಂಡು, ದಿನಕ್ಕೆ 10 ನಿಮಿಷದಂತೆ 30 ದಿನ ಗಡಸು ನೀರಲ್ಲಿ ಅದ್ದಿ ನೋಡಿದರು. ಶುದ್ಧ ನೀರಲ್ಲಿ ಅದ್ದಿದ ಕೂದಲಿಗೂ ಇದಕ್ಕೂ ಬಲದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಸಿಗಲಿಲ್ಲ. ಆ ನೀರಿನ ಗಡಸುತನ ಲೀಟರಿಗೆ 212 ಮಿಲಿಗ್ರಾಂ ಆಸುಪಾಸು. 2018ರಲ್ಲಿ ಪಾಕಿಸ್ತಾನದ ಬನ್ನು ಜಿಲ್ಲೆಯ 70 ಪುರುಷರ ಕೂದಲಿನ ಪರೀಕ್ಷೆಯಲ್ಲಿ ಗಡಸು ನೀರಿಂದ ಬಲ ಕುಗ್ಗಿದ್ದು ಕಂಡಿತು. ಎರಡೂ ಪರೀಕ್ಷೆ ನೋಡಿದ್ದು ಕೂದಲ ಎಳೆಯನ್ನೇ, ಬೇರನ್ನಲ್ಲ.

ನಿಮ್ಮದು ಯಾವುದು ಅಂತ ಮನೆಯಲ್ಲೇ ನೋಡಬಹುದು. ಬಾಚಣಿಗೆಗೆ ಬಂದ ಕೂದಲಿನ ತುದಿಯಲ್ಲಿ ಸಣ್ಣ ಬಿಳಿ ಗುಂಡು ಇದ್ದರೆ ಅದು ಬುಡದಿಂದ ಉದುರಿದ್ದು. ಗುಂಡು ಇಲ್ಲದ ತುಂಡು ಕೂದಲೇ ಜಾಸ್ತಿ ಇದ್ದರೆ ಅದು ಮಧ್ಯದಲ್ಲಿ ಮುರಿದದ್ದು. ಮುರಿಯೋದಕ್ಕೆ ನೀರು ಒಂದು ಕಾರಣ ಇರಬಹುದು. ಬುಡದಿಂದ ಉದುರೋದಕ್ಕೆ ಕಾರಣ ಸಾಮಾನ್ಯವಾಗಿ ಮೈಯೊಳಗೆ ಇರುತ್ತೆ: ರಕ್ತಹೀನತೆ, ಥೈರಾಯ್ಡ್, ಹೆರಿಗೆ, ಊಟ ಬಿಡೋದು. ಡೆಂಗಿ, ಟೈಫಾಯ್ಡ್‌ನಂಥ ಜ್ವರ ಬಂದು ಎರಡು ಮೂರು ತಿಂಗಳಾದ ಮೇಲೂ ಉದುರುತ್ತೆ. ದಿನಕ್ಕೆ 50ರಿಂದ 100 ಕೂದಲು ಹೋಗೋದು ಎಲ್ಲರಿಗೂ ಸಹಜ.

ನೀರಿನ ಮೇಲೆ ತಪ್ಪು ಹೊರಿಸೋದರ ಅಪಾಯ ಇಲ್ಲೇ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ. ಹಾಸ್ಟೆಲ್‌ಗೆ ಬಂದ ಹುಡುಗಿ ಬೆಳಿಗ್ಗೆ ತಿಂಡಿ ಬಿಟ್ಟು ಕಾಲೇಜಿಗೆ ಓಡ್ತಾಳೆ, ಕೂದಲು ಉದುರುತ್ತೆ, ಬೈಗುಳ ಬೋರ್‌ಗೆ ಬೀಳುತ್ತೆ. ರಕ್ತ ಪರೀಕ್ಷೆ ಮಾಡಿಸೋ ದುಡ್ಡು ಶಾಂಪೂಗೆ ಹೋಗುತ್ತೆ. ಸುಸ್ತು, ಉಸಿರು ಕಟ್ಟೋದು ಜೊತೆಗಿದ್ದರೆ ಹಿಮೋಗ್ಲೋಬಿನ್ ನೋಡಿಸಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಇದು ಆಗುತ್ತೆ.

‘ಕುಡಿಯಲು ಯೋಗ್ಯ’ ಅಂದರೆ ಏನರ್ಥ?

ಭಾರತೀಯ ಮಾನಕ ಸಂಸ್ಥೆಯ 2012ರ ಮಾನದಂಡದಲ್ಲಿ ಕುಡಿಯೋ ನೀರಿನ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. ಅಂದರೆ 550 ಇರೋ ಬೋರ್ ನೀರಿಗೂ ‘ಯೋಗ್ಯ’ ಅನ್ನೋ ವರದಿ ಬರಬಹುದು. ಗಡಸುತನ ಒಂದರಿಂದಲೇ ಕಾಯಿಲೆ ಬರುತ್ತೆ ಅಂತ ಇಲ್ಲ, ಹಾಗಾಗಿ ಕುಡಿಯೋ ಮಟ್ಟಿಗೆ ಈ ಸಡಿಲಿಕೆ ಸರಿ. ಆದರೆ ಅದೇ ನೀರಲ್ಲಿ ಬೇಳೆ ಬೇಗ ಬೇಯಲ್ಲ, ಗೀಸರ್ ಕಾಯಿಲ್‌ಗೆ ಸುಣ್ಣ ಕಟ್ಟುತ್ತೆ, ಸೋಪು ಜಾಸ್ತಿ ಬೇಕು, ಕೂದಲು ನಾರಾಗುತ್ತೆ. ಈ ಖರ್ಚು ಯಾವ ವರದಿಯಲ್ಲೂ ಬರಲ್ಲ. ಪೂರ್ತಿ ಆ ಮನೆಯವರ ಮೇಲೇ ಬೀಳುತ್ತೆ.

ಅಂಗಡಿಯಲ್ಲಿ ಏನು ಕೇಳಬೇಕು?

ಫಿಲ್ಟರ್ ಮಾರುವಾಗ ಟಿಡಿಎಸ್ ಮೀಟರ್ ಅದ್ದಿ ತೋರಿಸೋದು ರೂಢಿ. ಆ ಮೀಟರ್ ನೀರಲ್ಲಿ ಕರಗಿದ ಎಲ್ಲ ಲವಣದ ಅಂದಾಜು ಕೊಡುತ್ತೆ, ಗಡಸುತನ ಎಷ್ಟು ಅಂತ ಬೇರೆ ಮಾಡಿ ಹೇಳಲ್ಲ. ನಿಜವಾದ ವಾಟರ್ ಸಾಫ್ಟನರ್ ಕ್ಯಾಲ್ಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಬಿಡುತ್ತೆ. ಹಾಗಾಗಿ ನೀರು ಮೆದುವಾದರೂ ಟಿಡಿಎಸ್ ಹೆಚ್ಚೇನೂ ಇಳಿಯಲ್ಲ. ಅದಕ್ಕೆ ಆಗಾಗ ಉಪ್ಪು ಹಾಕಬೇಕಾಗುತ್ತೆ.

ಶವರ್ ತುದಿಗೆ ಸಿಕ್ಕಿಸೋ ಸಣ್ಣ ಫಿಲ್ಟರ್‌ಗಳಲ್ಲಿ ಹೆಚ್ಚಿನವು ಕ್ಲೋರಿನ್, ಕಸ ಹಿಡಿಯೋಕೆ ಇರೋವು. ಗಡಸುತನ ಪೂರ್ತಿ ಇಳಿಸೋಕೆ ಅಷ್ಟು ಚಿಕ್ಕ ಡಬ್ಬಿ ಸಾಲದು. ಗಿರಾಕಿ ಕೇಳಬೇಕಾದ ಪ್ರಶ್ನೆ ಒಂದೇ: ‘ಹಾಕೋ ಮುಂಚೆ ಎಷ್ಟು ಗಡಸುತನ, ಹಾಕಿದ ಮೇಲೆ ಎಷ್ಟು?’ ಅಂಗಡಿಯವರೂ ಒಂದು ಗಡಸುತನ ಪರೀಕ್ಷೆಯ ಕಿಟ್ ಇಟ್ಟುಕೊಂಡರೆ ವಾಪಸ್ ಬರೋ ಮಾಲು, ಜಗಳ ಎರಡೂ ಕಮ್ಮಿ. ಪಾರ್ಲರ್, ಸಲೂನ್ ಇಟ್ಟಿರೋರಿಗಂತೂ ಬಣ್ಣ ಹಾಕೋ ಮುಂಚೆ ತಮ್ಮ ನೀರು ಎಂಥದ್ದು ಅಂತ ಗೊತ್ತಿರಲೇಬೇಕು.

ಮನೆಯಲ್ಲೇ ಏನು ಮಾಡಬಹುದು?

• ಒಂದು ಖಾಲಿ ಬಾಟಲಿಗೆ ಅರ್ಧ ನೀರು, ಮೈ ಸೋಪಿನ ಚೂರು ಹಾಕಿ ಕುಲುಕಿ. ನೊರೆ ನಿಂತು ಕೆಳಗಿನ ನೀರು ತಿಳಿ ಇದ್ದರೆ ಮೆದು. ನೊರೆ ಬರದೆ ನೀರು ಹಾಲಿನಂತಾದರೆ ಗಡಸು. ಶಾಂಪೂ ಹಾಕಿ ನೋಡಬೇಡಿ, ಅದು ಗಡಸು ನೀರಲ್ಲೂ ನೊರೆ ಕೊಡುತ್ತೆ.

• ತಲೆಗೆ ಸ್ನಾನದ ಸೋಪು, ಬಟ್ಟೆ ಸೋಪು ಬೇಡ. ಸೀಗೆಪುಡಿ, ಅಂಟುವಾಳ ಗಡಸು ನೀರಲ್ಲೂ ಸೋಪಿನ ಹಾಗೆ ಒಡೆಯಲ್ಲ.

• ನೀರು ಕುದಿಸಿ ಆರಿಸಿದರೆ ಒಂದು ಬಗೆಯ ಗಡಸುತನ ತಳಕ್ಕೆ ಕೂರುತ್ತೆ. ಹಂಡೆಯೊಳಗೆ ಕಟ್ಟೋ ಸುಣ್ಣ ಅದೇ. ಮೇಲಿನ ತಿಳಿ ನೀರು ತಗೊಳ್ಳಿ. ಇನ್ನೊಂದು ಬಗೆ ಕುದಿಸಿದರೂ ಹೋಗಲ್ಲ. ಪಟಿಕ ಹಾಕಿದರೆ ಕೆಸರು ಕೂರುತ್ತೆ, ಗಡಸುತನ ಹೋಗಲ್ಲ.

• ಕೊನೆಯ ಎರಡು ಚೊಂಬು ನೀರು ಮಾತ್ರ ಮೆದುವಾಗಿದ್ದರೂ ಸಾಕಷ್ಟು ವ್ಯತ್ಯಾಸ ಆಗುತ್ತೆ. ಮಳೆಗಾಲದಲ್ಲಿ ಸೂರಿನ ನೀರು ಹಿಡಿದಿಡಿ. ಉಳಿದ ದಿನ ಶುದ್ಧ ನೀರಿನ ಘಟಕದ ಕ್ಯಾನ್‌ನಿಂದ ಸ್ವಲ್ಪ ತಗೊಳ್ಳಿ.

• ಒಂದು ಚೊಂಬು ನೀರಿಗೆ ಒಂದು ಚಮಚ ನಿಂಬೆರಸ ಬೆರೆಸಿ ಹಾಕಿಕೊಂಡು ತೊಳೆದರೆ ಅಂಟಿದ ಲವಣ ಸಡಿಲವಾಗುತ್ತೆ. ವಾರಕ್ಕೊಮ್ಮೆ ಸಾಕು. ತಲೆಯಲ್ಲಿ ಗಾಯ, ಉರಿ ಇದ್ದರೆ ಬೇಡ.

• ಶಾಂಪೂ ಬಾಟಲಿಯ ಹಿಂದೆ ಇಡಿಟಿಎ ಅಂತ ಇದ್ದರೆ ಅದು ನೀರಿನ ಲವಣವನ್ನು ಕಟ್ಟಿಹಾಕೋ ವಸ್ತು. ಬೆಲೆಗಿಂತ ಇದನ್ನು ನೋಡಿ.

• ಚನ್ನರಾಯಪಟ್ಟಣ ತೆಂಗಿನ ಸೀಮೆ. ತಲೆ ತೊಳೆಯೋ ಮುಂಚೆ ಕೊಬ್ಬರಿ ಎಣ್ಣೆ ಹಚ್ಚಿದರೆ ಕೂದಲಿನ ಪ್ರೋಟೀನ್ ನಷ್ಟ ಕಮ್ಮಿಯಾಗುತ್ತೆ ಅಂತ 2003ರ ಅಧ್ಯಯನ ಹೇಳುತ್ತೆ. ಮಾಡಿದ್ದು ಎಣ್ಣೆ ಕಂಪನಿಯೊಂದರ ಸಂಶೋಧಕರೇ ಅನ್ನೋದೂ ನೆನಪಿರಲಿ.

ಊರಿನ ಕೆಲಸ ಊರಿಗೆ

2019ರಲ್ಲಿ ಶುರುವಾದ ಜಲಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯ 5 ಮಹಿಳೆಯರಿಗೆ ಕಿಟ್‌ನಲ್ಲಿ ನೀರು ಪರೀಕ್ಷೆ ಮಾಡೋ ತರಬೇತಿ ಕೊಡಬೇಕು ಅಂತಿದೆ. ನಿಮ್ಮ ಊರಿನ ಕಿಟ್ ಎಲ್ಲಿದೆ, ಯಾರ ಹತ್ತಿರ ಇದೆ ಅಂತ ಗ್ರಾಮ ಪಂಚಾಯಿತಿಯಲ್ಲಿ ಕೇಳಿ. ಊರಿಗೆ ನೀರು ಕೊಡೋ ಪ್ರತಿ ಬೋರ್‌ನ ಗಡಸುತನ ಎಷ್ಟು ಅಂತ ಪಂಚಾಯಿತಿ ಬೋರ್ಡಿನಲ್ಲಿ ಬರೆದು ಹಾಕಿದರೆ, ಯಾರು ಸೀಗೆಪುಡಿಗೆ ನಿಲ್ಲಬಹುದು, ಯಾರಿಗೆ ಸಾಫ್ಟನರ್ ಬೇಕು, ಯಾವ ಊರಿಗೆ ಮೊದಲು ಹೊಳೆ ನೀರು ತರಬೇಕು ಅನ್ನೋದು ಎಲ್ಲರಿಗೂ ಗೊತ್ತಾಗುತ್ತೆ. ಆ ಸಂಖ್ಯೆ ಗೊತ್ತಿಲ್ಲದೆ ಶಾಂಪೂ ಬದಲಿಸ್ತಾ ಹೋದರೆ ಲಾಭ ಶಾಂಪೂ ಕಂಪನಿಗೆ ಮಾತ್ರ.