ಎರಡು ಹೊಳೆಗಳ ನಡುವಿನ ಅಭಿಮಾನ

ನೌಕರಿಯ ನಿಮಿತ್ತ ಪುಣೆಯಲ್ಲಿಯೋ ಬೆಂಗಳೂರಿನಲ್ಲಿಯೋ ನೆಲಸಿದ ಜಮಖಂಡಿ ಸೀಮೆಯ ತರುಣನನ್ನು "ತಮ್ಮ ಊರು ಯಾವುದು?" ಎಂದು ಯಾರಾದರೂ ಕೇಳಿದರೆ, ಅವನು ಒಂದು ಕ್ಷಣ ತಡೆದು "ಬೆಳಗಾವಿಯ ಕಡೆ" ಎಂದೋ "ವಿಜಾಪುರದ ಹತ್ತಿರ" ಎಂದೋ ಉತ್ತರ ಕೊಡುವನು. ಮುಧೋಳದವನಾದರೆ ಸ್ವಲ್ಪ ಧೈರ್ಯ ಹೆಚ್ಚು. "ಆ ನಾಯಿಗಳ ಊರು" ಎಂದು ತಾನೇ ನಕ್ಕು ಮುಂದಿನವರನ್ನೂ ನಗಿಸುವನು. ಬೀಳಗಿಯವನು ಧರಣೆಯ ಹೆಸರನ್ನು ಆಸರೆ ಮಾಡಿಕೊಳ್ಳುವನು. ರಬಕವಿ ಬನಹಟ್ಟಿಗಳವನಂತೂ ಯಾವ ಹೆಸರನ್ನೂ ಹೇಳದೆ ಮಾತು ಬದಲಿಸುವದುಂಟು. ತಾಯಿಯ ಹೆಸರನ್ನು ಕೇಳಿದರೆ ನೆರೆಮನೆಯವಳ ಹೆಸರನ್ನು ಹೇಳುವ ಮಗನಿಗೂ ಇವರಿಗೂ ಭೇದವೇನು?

ಇವರನ್ನು ಮಾತ್ರ ದೂರುವದು ನ್ಯಾಯವಲ್ಲ. ಮಕ್ಕಳಿಗೆ ಈ ಸಂಕೋಚವನ್ನು ಕಲಿಸಿದವರು ಮನೆಯ ಹಿರಿಯರೇ. "ಇಲ್ಲಿ ಏನದ? ಓದು, ಹೊರಗ ಹೋಗು" ಎಂಬ ಮಂತ್ರವನ್ನು ಕೇಳುತ್ತಲೇ ಬೆಳೆದ ಹುಡುಗನು ಇಲ್ಲಿ ಏನೂ ಇಲ್ಲವೆಂದು ನಂಬಿದರೆ ಅದರಲ್ಲಿ ಆಶ್ಚರ್ಯವಿಲ್ಲ. ಹೊರಗೆ ಹೋಗುವದು ತಪ್ಪಲ್ಲ. ಹೊಟ್ಟೆಯ ಪಾಡು ಯಾರನ್ನೂ ಬಿಟ್ಟಿಲ್ಲ. ಆದರೆ "ಏನದ?" ಎಂಬ ಪ್ರಶ್ನೆಯನ್ನು ಕೇಳಿದವರು ಉತ್ತರಕ್ಕಾಗಿ ಒಂದು ದಿನವಾದರೂ ಹುಡುಕಿದ್ದಾರೆಯೇ ಎಂಬುದೇ ಇಲ್ಲಿಯ ವಿಚಾರ.

ಇನ್ನೊಂದು ಪಂಗಡವಿದೆ. ಇವರಿಗೆ ಅಭಿಮಾನದ ಕೊರತೆಯಿಲ್ಲ, ಕೊರತೆಯಿರುವದು ವಿವೇಕದ್ದು. ಇವರ ಅಭಿಮಾನವೆಲ್ಲ ಅರಮನೆ, ಅಂಬಾರಿ, ರಾಜಸಾಹೇಬರ ಬೇಟೆ, ಆ ಬೇಟೆಗೆ ಒಯ್ದ ನಾಯಿ, ಇಷ್ಟಕ್ಕೆ ಮುಗಿಯುವದು. ಮುಧೋಳದ ನಾಯಿ ಒಳ್ಳೆಯದೇ. 2005ರಲ್ಲಿ ಭಾರತದ ಅಂಚೆ ಇಲಾಖೆ ಅದರ ಚಿತ್ರದ ತಿಕೀಟು ಹೊರಡಿಸಿತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಅದಕ್ಕೆಂದೇ ಒಂದು ಸಂಶೋಧನ ಕೇಂದ್ರವಿದೆ. ಸೈನ್ಯದವರೂ ಅದನ್ನು ಪರೀಕ್ಷೆಗಾಗಿ ಒಯ್ದರು. ಆದರೆ ನಾಯಿಯ ತಳಿಯ ಲಕ್ಷಣವನ್ನು ಮೂತಿಯಿಂದ ಬಾಲದವರೆಗೆ ಬಾಯಿಪಾಠ ಹೇಳುವ ಸುಶಿಕ್ಷಿತನು, ಅದೇ ಊರಿನಲ್ಲಿ 949ರಲ್ಲಿ ಹುಟ್ಟಿದ ಒಬ್ಬ ಕವಿಯ ಎರಡು ಕಾವ್ಯಗಳ ಹೆಸರು ಕೇಳಿದೊಡನೆ ತಲೆ ತುರಿಸಿಕೊಳ್ಳುವನಾದರೆ, ಅಂಥವನ ಅಭಿಮಾನಕ್ಕೆ ಏನೆನ್ನಬೇಕು? ನಾಯಿಯನ್ನು ಉಳಿಸಿಕೊಂಡು ಬಂದವರೂ ಅರಮನೆಯವರಷ್ಟೇ ಅಲ್ಲ. ಸುತ್ತಲಿನ ಹಳ್ಳಿಗಳ ಬೇಟೆಗಾರರೂ ಬಡ ರೈತರೂ ತಮ್ಮ ರೊಟ್ಟಿಯಲ್ಲಿ ಪಾಲು ಕೊಟ್ಟು ಅದನ್ನು ಸಾಕಿದರು. ಹೆಸರು ಬಂದದ್ದು ಮಾತ್ರ ರಾಜರಿಗೆ.

ಆ ಕವಿ ರನ್ನ. ಬೆಳುಗಲಿ ನಾಡಿನ ಮುದುವೊಳಲಿನ ಬಳೆಗಾರರ ಮನೆಯಲ್ಲಿ ಹುಟ್ಟಿದವನು. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಬಳೆ ಮಾರುವವರ ಮಗನಿಗೆ ಕಾವ್ಯದ ಗೊಡವೆ ಯಾಕೆಂದು ಆ ಕಾಲದಲ್ಲಿಯೂ ಕೇಳಿದವರು ಇದ್ದಿರಬಹುದು. ಅವನು ಶ್ರವಣಬೆಳಗೊಳದವರೆಗೆ ಹೋಗಿ ಅಜಿತಸೇನಾಚಾರ್ಯರಲ್ಲಿ ವಿದ್ಯೆ ಕಲಿತನು. ಚಾವುಂಡರಾಯನ ಆಶ್ರಯ ಪಡೆದನು. ತಿರುಗಿ ಬಂದು ಚಾಲುಕ್ಯ ತೈಲಪನ ಆಸ್ಥಾನದಲ್ಲಿ ಕವಿಚಕ್ರವರ್ತಿಯೆನಿಸಿದನು. ಅತ್ತಿಮಬ್ಬೆಯ ಪ್ರೇರಣೆಯಿಂದ 993ರಲ್ಲಿ ಅಜಿತಪುರಾಣವನ್ನು ಮುಗಿಸಿದನು. ಗದಾಯುದ್ಧವೆಂದು ಪ್ರಸಿದ್ಧವಾದ ಸಾಹಸಭೀಮವಿಜಯದಲ್ಲಿ ಸತ್ಯಾಶ್ರಯನನ್ನು ಭೀಮನಿಗೆ ಸಮೀಕರಿಸಿದನು. ಇಷ್ಟಾದರೂ ಓದುಗನ ಮನಸ್ಸಿನಲ್ಲಿ ಕಡೆಗೆ ಉಳಿಯುವವನು ಗೆದ್ದ ಭೀಮನಲ್ಲ. ರಣಭೂಮಿಯಲ್ಲಿ ಬಂಧುಗಳ ಹೆಣಗಳ ನಡುವೆ ಒಬ್ಬನೇ ನಡೆಯುವ ದುರ್ಯೋಧನ. ಆಶ್ರಯದಾತನನ್ನು ಹೊಗಳಲು ಕುಳಿತ ಕವಿ ಸೋತವನಿಗೂ ಇಷ್ಟು ದೊಡ್ಡ ಗೌರವ ಕೊಟ್ಟದ್ದನ್ನು ಈ ಸೀಮೆಯ ಶಾಲೆಗಳಲ್ಲಿ ಎಷ್ಟು ಮಂದಿ ಗುರುಗಳು ಮಕ್ಕಳಿಗೆ ಬಿಡಿಸಿ ಹೇಳುತ್ತಾರೆ? ಉತ್ಸವದ ಮೆರವಣಿಗೆಗೆ ಅವನ ಹೆಸರು ಬೇಕು. ಪುಸ್ತಕ ಮಾತ್ರ ಕಪಾಟಿನಲ್ಲಿಯೇ ಇರಬೇಕು!

ಬಳೆಗಾರನ ಮಾತು ಬಂದಾಗ ಬೇಡರ ಮಾತೂ ಬರಲೇಬೇಕು. 1857ರಲ್ಲಿ ಇಂಗ್ಲೀಷರ ಸರಕಾರವು ಜನರ ಆಯುಧಗಳನ್ನು ಕಸಿದುಕೊಳ್ಳುವ ಕಾಯದೆ ಮಾಡಿತು. ಮುಧೋಳ ಸಂಸ್ಥಾನದ ಹಲಗಲಿ ಎಂಬ ಸಣ್ಣ ಹಳ್ಳಿಯ ಬೇಡರು ಕೊಡೆವೆಂದರು. ಆಯುಧ ಅವರಿಗೆ ಅಲಂಕಾರವಾಗಿರಲಿಲ್ಲ, ಅನ್ನವಾಗಿತ್ತು. ಆ ವರುಷದ ನವೆಂಬರ ಕೊನೆಗೆ ದಂಡು ಬಂದು ಊರನ್ನು ಸುಟ್ಟಿತು. ಡಿಸೆಂಬರದಲ್ಲಿ ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಕೂಡಿ 19 ಮಂದಿಯನ್ನು ನೇಣಿಗೇರಿಸಿದರು. ಜಡಗ, ಬಾಲ, ಹನುಮ, ರಾಮ ಎಂಬ ಆ ಹೆಸರುಗಳು ಯಾವ ಅರಮನೆಯ ದಫ್ತರದ ದಯೆಯಿಂದ ಉಳಿಯಲಿಲ್ಲ, ಲಾವಣಿಯಿಂದ ಉಳಿದವು. ಆ ಲಾವಣಿಯನ್ನು ಸಂಗ್ರಹಿಸಿ ಅಚ್ಚಿಗೆ ಹಾಕಿದವನು ಇಂಗ್ಲೀಷ ಅಧಿಕಾರಿಯೇ ಆದ ಜಾನ್ ಫ್ಲೀಟ. ಸುಟ್ಟವರ ಕುಲದ ಒಬ್ಬನಿಗೆ ಆ ಹಾಡಿನ ಬೆಲೆ ತಿಳಿಯಿತು. ಸುಟ್ಟ ಊರಿನಿಂದ ಕೆಲವೇ ಹರದಾರಿ ದೂರದ ಓದಿದ ಮನೆತನಗಳಿಗೆ ತಿಳಿಯಲಿಲ್ಲ. ಇದನ್ನು ಬರೆಯುವಾಗ ಯಾವ ಲೇಖನಿಯಾದರೂ ನಾಚಬೇಕು.

"ಸಂಸ್ಥಾನಿಕರು ಏನೂ ಮಾಡಲಿಲ್ಲವೇ?" ಎಂಬ ಆಕ್ಷೇಪ ಬರುವದು ಸಹಜ. ಮಾಡಿದರು. 1916ರಲ್ಲಿ ನ್ಯೂ ಪೂನಾ ಕಾಲೇಜೆಂದು ಹುಟ್ಟಿದ ವಿದ್ಯಾಲಯವು ಜಮಖಂಡಿಯ ಪಟವರ್ಧನರ ದೊಡ್ಡ ದೇಣಿಗೆಯಿಂದ ಸರ್ ಪರಶುರಾಮಭಾವೂ ಕಾಲೇಜೆಂಬ ಹೆಸರು ಪಡೆದು ಇಂದಿಗೂ ಪುಣೆಯಲ್ಲಿ ಕೀರ್ತಿಯಿಂದ ನಡೆದಿದೆ. ಒಳ್ಳೆಯ ಕೆಲಸವೇ. ಆದರೆ ಆ ಹಣ ಕೃಷ್ಣೆಯ ದಂಡೆಯ ಎರೆಹೊಲಗಳಿಂದ ಎದ್ದ ಕಂದಾಯವೆಂಬುದನ್ನು ನೆನೆದರೆ, ಆ ಕಾಲೇಜಿನ ಗೋಡೆಯ ಮೇಲೆ ಕೆತ್ತದೆ ಉಳಿದ ಹೆಸರುಗಳು ಎಷ್ಟೆಂಬುದು ಗೊತ್ತಾಗುವದು. ದರಬಾರದ ಭಾಷೆ ಒಂದು, ಹೊಲದ ಭಾಷೆ ಇನ್ನೊಂದು ಆಗಿದ್ದ ಕಾಲವದು.

ಈ ನೆಲ ಆಗ ಒಂದೇ ಆಡಳಿತದಲ್ಲಿಯೂ ಇರಲಿಲ್ಲ. ಬನಹಟ್ಟಿ ಜಮಖಂಡಿಗೆ, ಒಂದು ಹರದಾರಿಯೂ ಇಲ್ಲದ ರಬಕವಿ ಸಾಂಗಲಿಗೆ, ಮಹಾಲಿಂಗಪುರ ಮುಧೋಳಕ್ಕೆ, ಬೀಳಗಿ ನೇರವಾಗಿ ಇಂಗ್ಲೀಷರಿಗೆ. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ರ ನವೆಂಬರ 1ಕ್ಕೆ ಕನ್ನಡದ ರಾಜ್ಯ ಸೇರಿದವು. 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಯಿತು. ನಾಲ್ವರು ಒಡೆಯರು ನಾಲ್ಕು ಕಡೆಗೆ ಎಳೆದಾಗಲೂ ಇಲ್ಲಿಯ ಹೆಂಗಸರು ಬೀಸುವ ಕಲ್ಲಿನ ಮುಂದೆ ಹಾಡಿದ್ದು ಒಂದೇ ನುಡಿಯಲ್ಲಿ. ಗಡಿಗಳನ್ನು ಪರರು ಎಳೆಯಬಹುದು, ಅಭಿಮಾನವನ್ನು ಅವರು ಎಳೆಯಲಾರರು. ಆಫ್ರಿಕದ ನೈಜೀರಿಯವನ್ನೇ ನೋಡಬಹುದು. 1914ರಲ್ಲಿ ಇಂಗ್ಲೀಷರು ತಮ್ಮ ಲೆಕ್ಕದ ಅನುಕೂಲಕ್ಕೆ ಉತ್ತರ ದಕ್ಷಿಣಗಳ ಆಡಳಿತವನ್ನು ಹೊಲಿದು ಕೂಡಿಸಿದ ದೇಶವದು, 1960ರಲ್ಲಿ ಸ್ವತಂತ್ರವಾಯಿತು. ಅಲ್ಲಿಯ ಚಿನುವಾ ಅಚಿಬೆ 1958ರಲ್ಲಿ ತನ್ನ ಇಗ್ಬೋ ಜನರ ಹಳ್ಳಿಯ ಬಾಳನ್ನು ಕಾದಂಬರಿಯಾಗಿ ಬರೆದಾಗ ಆ ಹಳ್ಳಿಯ ಗಾಂಭೀರ್ಯವನ್ನೂ ತೋರಿಸಿದನು, ಅವಳಿ ಕೂಸುಗಳನ್ನು ಅಡವಿಗೆ ಎಸೆಯುವ ಅದರ ಕ್ರೌರ್ಯವನ್ನೂ ಮುಚ್ಚಲಿಲ್ಲ. 1986ರಲ್ಲಿ ನೊಬೆಲ್ ಪಾರಿತೋಷಕ ಪಡೆದ ವೊಲೆ ಸೊಯಿಂಕಾ ತನ್ನ ದೇಶದ ಸರಕಾರದಿಂದಲೇ ಸೆರೆಮನೆ ಕಂಡವನು. ಆ ದೇಶದವರು ಇವರಿಬ್ಬರ ಹೆಸರನ್ನು ಹೆಮ್ಮೆಯಿಂದ ಹೇಳುತ್ತಾರೆ. ತಮ್ಮ ತಪ್ಪನ್ನು ತಾವೇ ಹೇಳಬಲ್ಲ ಜನರ ಹೆಮ್ಮೆಗೆ ಒಂದು ತೂಕವಿರುವದು.

ಈ ಸೀಮೆಯ ತಪ್ಪುಗಳೇನು ಕಡಿಮೆಯೇ? ಶ್ರೀ ಕೃಷ್ಣ ಪಾರಿಜಾತದ ಆಟವನ್ನು ಮುಧೋಳ, ಲೋಕಾಪುರದ ಸುತ್ತಣ ಹಳ್ಳಿಗಳು ಬೆಳಗಾಗುವವರೆಗೆ ಕುಳಿತು ನೋಡಿದವು. ಸತ್ಯಭಾಮೆಯ ಪಾತ್ರ ಕಟ್ಟಿ ಹಾಡಿದ ಹೆಣ್ಣುಮಕ್ಕಳಲ್ಲಿ ಅನೇಕರು ದೇವರ ಹೆಸರಿನಲ್ಲಿ ಬಿಡಲ್ಪಟ್ಟ ಬಡವರ ಮಕ್ಕಳು. ರಾತ್ರಿ ಅವರ ಪದಕ್ಕೆ ತಲೆದೂಗಿದ ಗೃಹಸ್ಥರು ಹಗಲು ಅವರನ್ನು ಹೊಸ್ತಿಲಿನ ಒಳಗೆ ಕರೆಯಲಿಲ್ಲ. 1982ರ ಕಾಯದೆಯು ಆ ಪದ್ಧತಿಯನ್ನು ನಿಷೇಧಿಸಿತು. ಆದರೆ ಕಲೆ ಬೇಕು, ಕಲಾವಿದೆ ಬೇಡ ಎಂಬ ಬುದ್ಧಿಯನ್ನು ಯಾವ ಕಾಯದೆ ನಿಷೇಧಿಸಬೇಕು?

ರಬಕವಿ ಬನಹಟ್ಟಿಗಳ ನೇಕಾರನ ಕಥೆಯೂ ಇದೇ ಬಗೆಯದು. ಕುಣಿಯಲ್ಲಿ ಕಾಲಿಳಿಬಿಟ್ಟು ಲಾಳಿಯೆಸೆಯುವವನು ಗಂಡ. ಮಗ್ಗದ ಪಕ್ಕದಲ್ಲಿ ಕಂಡಿಕೆ ಸುತ್ತುವವಳು ಹೆಂಡತಿ. ಒಂದು ಸೀರೆಯ ಹಿಂದೆ ಇಡೀ ಮನೆಯ ದುಡಿಮೆ. ನೂಲು ಸಾವಕಾರನದು, ಬಣ್ಣ ಸಾವಕಾರನದು, ಬೆಲೆ ಕಟ್ಟುವವನೂ ಅವನೇ. ನೇಕಾರನದು ಮೈ ಮಾತ್ರ. ವಿದ್ಯುತ್ತಿನ ಮಗ್ಗ ಬಂದ ಮೇಲೆ ಕೈಮಗ್ಗದ ಸದ್ದು ಓಣಿ ಓಣಿಗೂ ಇಳಿಯುತ್ತ ಬಂದಿತು. 1975ರಲ್ಲಿ ಸ್ಥಾಪಿತವಾದ ಕೈಮಗ್ಗ ಅಭಿವೃದ್ಧಿ ನಿಗಮವು ಎಲ್ಲರ ಕೈ ಹಿಡಿಯಲಾರದಾಯಿತು. ಈ ಊರುಗಳ ಸುಶಿಕ್ಷಿತ ಮನೆತನಗಳ ಮದುವೆಗೆ ಸೀರೆ ಎಲ್ಲಿಂದ ಬರುವದು? ದೂರದ ಪೇಟೆಯ ದೊಡ್ಡ ಅಂಗಡಿಯಿಂದ. ಓಣಿಯಲ್ಲಿ ನೇಯ್ದದ್ದು ಕೆಲಸದವಳಿಗೆ ಕೊಡುವ ಉಡುಗೊರೆ. ನೇಕಾರನ ಮೇಲೆ ಭಾಷಣ ಮಾಡುವ ಮೊದಲು ಭಾಷಣಕಾರರು ತಮ್ಮ ಮನೆಯ ಪೆಟ್ಟಿಗೆಯನ್ನೊಮ್ಮೆ ತೆರೆದು ನೋಡುವದು ಲೇಸು.

ಹಾಗಾದರೆ ಹೆಮ್ಮೆಗೆ ಈ ಕಾಲದ ಕಾರಣವೇ ಇಲ್ಲವೇ? ಇದೆ, ಅದೂ ಕಣ್ಣ ಮುಂದೆಯೇ. ಬೇಸಗೆಯಲ್ಲಿ ಕೃಷ್ಣೆಯು ಉಸುಕಿನ ಹಾಸಿಗೆಯಾಗುತ್ತಿದ್ದ ದಿನಗಳಲ್ಲಿ ಜಮಖಂಡಿ ತಾಲೂಕಿನ ರೈತರು ಅರ್ಜಿ ಬರೆದು ಬರೆದು ದಣಿದರು. ಕಡೆಗೆ ಕೃಷ್ಣಾ ತೀರ ರೈತ ಸಂಘವು ಸರಕಾರದ ಹಣಕ್ಕೆ ಕಾಯದೆ ಚಿಕ್ಕಪಡಸಲಗಿಯ ಬಳಿ ತಾನೇ ಒಂದು ಬಾಂದಾರವನ್ನು ಕಟ್ಟಿತು. 1989ರ ಮಾತಿದು. ಹಣವಿದ್ದವರು ಹಣ ಕೊಟ್ಟರು. ಇಲ್ಲದವರು ತೋಳು ಕೊಟ್ಟರು. ಮುಂದಾಳು ಸಿದ್ದು ನ್ಯಾಮಗೌಡರು. ಅದಕ್ಕೆ ಇಟ್ಟ ಹೆಸರು ಶ್ರಮಬಿಂದು ಸಾಗರ. ಆ ಹೆಸರಿನಲ್ಲಿ ಯಾವ ರಾಜನೂ ಇಲ್ಲ, ಮಂತ್ರಿಯೂ ಇಲ್ಲ, ಬೆವರಿನ ಹನಿಯೊಂದೇ ಇದೆ. ಎರಡು ವರುಷಗಳ ತರುವಾಯ, 1991ರಲ್ಲಿ, ಅದೇ ನ್ಯಾಮಗೌಡರು ಬಾಗಲಕೋಟೆಯ ಲೋಕಸಭೆಯ ಚುನಾವಣೆಯಲ್ಲಿ ರಾಮಕೃಷ್ಣ ಹೆಗಡೆಯವರಂಥ ಪ್ರಬಲರನ್ನು ಸೋಲಿಸಿ ದಿಲ್ಲಿಯಲ್ಲಿ ಮಂತ್ರಿಗಳಾದರು. 2018ರಲ್ಲಿ ಅಪಘಾತದಲ್ಲಿ ತೀರಿಕೊಂಡರು. ಜನರು ಅವರನ್ನು "ಬ್ಯಾರೇಜ್ ಸಿದ್ದು" ಎಂದೇ ಕರೆದರು. ಮಂತ್ರಿಪದವಿ ಆ ಹೆಸರಿಗೆ ಏನನ್ನೂ ಕೂಡಿಸಲಿಲ್ಲ.

ಸಾವಳಗಿಯಲ್ಲಿ ಹುಟ್ಟಿ, ಜಮಖಂಡಿಯ ಪುರಸಭೆಯಿಂದ ಮೊದಲುಮಾಡಿ, 1977ರಲ್ಲಿ ಕೆಲವು ತಿಂಗಳು ರಾಷ್ಟ್ರಪತಿಯ ಕಾರ್ಯಭಾರವನ್ನೂ ಹೊತ್ತ ಬಸಪ್ಪ ದಾನಪ್ಪ ಜತ್ತಿಯವರ ಹೆಸರನ್ನು ಎಲ್ಲರೂ ಬಲ್ಲರು. ಗಲಗಲಿಯಲ್ಲಿ ಹುಟ್ಟಿ ಕಲ್ಲಹಳ್ಳಿಯಲ್ಲಿ ಮಣ್ಣಿನೊಡನೆ ಬದುಕಿ ಕಾದಂಬರಿ ಬರೆದ ಸತ್ಯಕಾಮರನ್ನು ಬಲ್ಲವರು ಕಡಿಮೆ.

ಆದರೆ ಶ್ರಮಬಿಂದುವಿನ ನೀರನ್ನು ಮಾಡಿದ್ದೇನು ಎಂಬ ಪ್ರಶ್ನೆಯನ್ನೂ ಬಿಡಲಾಗದು. ನೀರು ಬಂದೊಡನೆ ಜೋಳದ ಹೊಲ ಕಬ್ಬಿನ ಗದ್ದೆಯಾಯಿತು. ಬೇಕಾದುದಕ್ಕಿಂತ ಹೆಚ್ಚು ಹಾಯಿಸಿದ ನೀರಿನಿಂದ ಎರೆಭೂಮಿ ಹಲವೆಡೆ ಸವುಳುಜವುಳಾಯಿತು. ಹೊಳೆಯನ್ನು ಕಟ್ಟಿದ ಒಗ್ಗಟ್ಟು ಬಸಿಗಾಲುವೆ ತೆಗೆಯುವಲ್ಲಿ ಎಲ್ಲಿ ಹೋಯಿತು? ತನ್ನ ಹೊಲದ ನೀರು ನೆರೆಯವನ ಹೊಲಕ್ಕೆ ಇಳಿದರೆ ತನಗೇನು ಎನ್ನುವವನು ಸಭೆಯಲ್ಲಿ ಬಾಂದಾರದ ಹೆಮ್ಮೆ ಹೇಳಿಕೊಳ್ಳುವ ಅಧಿಕಾರವನ್ನು ಕಳೆದುಕೊಂಡವನೇ.

ಎಲ್ಲಕ್ಕಿಂತ ಅವಸರದ್ದು ಬೀಳಗಿಯ ಮಾತು. 1964ರಲ್ಲಿ ಅಡಿಗಲ್ಲು ಬಿದ್ದ ಆಲಮಟ್ಟಿಯ ಧರಣೆಯ ನೀರು 519.6 ಮೀಟರಿನವರೆಗೆ ನಿಂತಾಗಲೇ ಈ ತಾಲೂಕಿನ ಹೊಳೆಸಾಲಿನ ಹಳ್ಳಿಗಳು ಎದ್ದುಹೋಗಬೇಕಾಯಿತು. ಅದನ್ನು 524.256 ಮೀಟರಿಗೆ ಏರಿಸಲು 2010ರಲ್ಲಿ ನ್ಯಾಯಾಧಿಕರಣವು ಸಮ್ಮತಿಸಿದೆ. ಅದು ಏರಿದರೆ ಇನ್ನಷ್ಟು ಹೊಲ, ಇನ್ನಷ್ಟು ಮನೆ ನೀರಿಗೆ. ಪರಿಹಾರದ ರೂಪಾಯಿಗಳ ಚರ್ಚೆ ಚಾವಡಿ ಚಾವಡಿಗೂ ನಡೆದಿದೆ, ನಡೆಯಲೇಬೇಕು. ಆದರೆ ರೂಪಾಯಿಯಲ್ಲಿ ಎಣಿಸಲಾಗದ ಒಂದು ಆಸ್ತಿಯ ಯಾದಿಯನ್ನು ಯಾರೂ ಬರೆಯುತ್ತಿಲ್ಲ. ಒಂದೊಂದು ಹೊಲಕ್ಕೂ ಒಂದೊಂದು ಹೆಸರಿದೆ; ಒಡ್ಡಿನ ಮೇಲಿನ ವೀರಗಲ್ಲಿಗೆ ಒಂದು ಕಥೆಯಿದೆ; ಹಳೆಯ ಗುಡಿಯ ತೊಲೆಯ ಮೇಲೆ ಅಕ್ಷರಗಳಿವೆ. ತೇರದಾಳದ ಬಸದಿಯ ಹನ್ನೆರಡನೆಯ ಶತಕದ ಶಾಸನವನ್ನು ಯಾರೋ ಕುಳಿತು ಓದಿದ್ದರಿಂದಲೇ ಅದನ್ನು ಕಟ್ಟಿಸಿದ ಮಂಡಲಿಕ ಗೊಂಕನ ಹೆಸರು ಇಂದು ತಿಳಿದಿದೆ. ಬೀಳಗಿಯ ಹಳ್ಳಿಗಳ ಕಲ್ಲುಗಳಿಗೆ ಆ ಭಾಗ್ಯ ಬರುವ ಮೊದಲೇ ನೀರು ಬರಬಹುದು.

ಇದಕ್ಕೆ ಸರಕಾರದ ಆಜ್ಞೆ ಬೇಡ, ನಿಧಿ ಬೇಡ, ಸಮ್ಮೇಲನವಂತೂ ಬೇಡವೇ ಬೇಡ. ರಜೆಗೆ ಊರಿಗೆ ಬಂದ ಕಾಲೇಜಿನ ಹುಡುಗ ಹುಡುಗಿಯರು ಒಂದು ವಹಿಯನ್ನೂ ಒಂದು ಸೀಸಕಡ್ಡಿಯನ್ನೂ ಹಿಡಿದು ತಮ್ಮ ಅಜ್ಜಿಯ ಮುಂದೆ ಕುಳಿತರೆ ಸಾಕು. ಯಾವ ಹೊಲ ಯಾವುದು, ಅದಕ್ಕೆ ಆ ಹೆಸರು ಯಾಕೆ, ಹೊಳೆಯ ಯಾವ ಮಡುವಿಗೆ ಏನೆನ್ನುತ್ತಿದ್ದರು, ಸೋಬಾನದ ಯಾವ ಪದವನ್ನು ಯಾರ ಮದುವೆಯಲ್ಲಿ ಹಾಡಿದರು ಎಂಬುದನ್ನು ಅವಳು ಹೇಳುವಳು. ಪುನರ್ವಸತಿಯ ಊರುಗಳಲ್ಲಿ ಈಗಾಗಲೇ ಅಂಥ ಅಜ್ಜಿಯರಿದ್ದಾರೆ. ಅವರ ಮನೆಯ ಹಿಂದೆ ಹೊಳೆಯಿಲ್ಲ; ಆದರೂ ನೀರಿಗೆ ಹೋಗುವ ಮಾತು ಬಂದರೆ ಅವರ ಕೈ ಇನ್ನೂ ಹಳೆಯ ಊರಿನ ದಿಕ್ಕಿಗೇ ತೋರಿಸುವದು.