ಸುರಂಗದ ಇನ್ನೊಂದು ತುದಿ ಮನೆಯಲ್ಲೇ ಇರಲಿ

ಮಲೆನಾಡಿನಲ್ಲಿ ಅಡಿಕೆ ಒಣಹಾಕಿದ ಅಂಗಳಗಳನ್ನು ಈಗ ಸಿಸಿಟಿವಿ ಕ್ಯಾಮೆರಾ ಕಾಯುತ್ತಿದೆ. ತೋಟದ ಮನೆಗಳಿಗೂ ಫೈಬರ್ ಬಂದಿರುವುದರಿಂದ ಬೆಂಗಳೂರಿನಲ್ಲೋ ದುಬೈನಲ್ಲೋ ಇರುವ ಮಕ್ಕಳು ಫೋನಿನಲ್ಲೇ ಅಂಗಳ ನೋಡುತ್ತಾರೆ. ಹಾಗೆ ನೋಡಲು ಸಾಮಾನ್ಯವಾಗಿ ಬಳಕೆಯಲ್ಲಿರುವುದು ಎರಡು ದಾರಿ. ಒಂದೋ ಕ್ಯಾಮೆರಾ ಕಂಪನಿಯ ಸರ್ವರ್ ಮೂಲಕ ಹೋಗಬೇಕು, ಇಲ್ಲವೇ ರೌಟರ್‌ನಲ್ಲಿ ಪೋರ್ಟ್ ತೆರೆದು ಕ್ಯಾಮೆರಾದ ಲಾಗಿನ್ ಪುಟ ಇಡೀ ಜಗತ್ತಿಗೆ ಕಾಣುವಂತೆ ಬಿಡಬೇಕು. ಮೊದಲನೆಯದರಲ್ಲಿ ಮನೆಯ ದೃಶ್ಯ ಮೂರನೆಯವರ ಕೈ ದಾಟಿ ಬರುತ್ತದೆ. ಎರಡನೆಯದು ಅಪಾಯಕಾರಿ.

ಎಷ್ಟು ಅಪಾಯಕಾರಿ ಎಂಬುದು 2016ರಲ್ಲೇ ಗೊತ್ತಾಗಿದೆ. ‘ಮಿರಾಯ್’ ಎಂಬ ಕುತಂತ್ರಾಂಶ ಕ್ಯಾಮೆರಾ, ಡಿವಿಆರ್, ರೌಟರ್‌ಗಳನ್ನು ಹುಡುಕಿ, ಕಾರ್ಖಾನೆಯಲ್ಲೇ ಇಟ್ಟಿದ್ದ ಸುಮಾರು 60 ಯೂಸರ್‌ನೇಮ್–ಪಾಸ್‌ವರ್ಡ್ ಜೋಡಿಗಳನ್ನು ಒಂದೊಂದಾಗಿ ಹಾಕಿ ನೋಡಿ ಒಳನುಗ್ಗುತ್ತಿತ್ತು. ಅಕ್ಟೋಬರ್ 21ರಂದು ಹೀಗೆ ವಶವಾದ ಉಪಕರಣಗಳು ಜಾಲತಾಣಗಳ ಹೆಸರನ್ನು ಐಪಿ ವಿಳಾಸಕ್ಕೆ ಜೋಡಿಸಿಕೊಡುತ್ತಿದ್ದ ಅಮೆರಿಕದ ಡೈನ್ ಕಂಪನಿಯ ಮೇಲೆ ಒಟ್ಟಾಗಿ ಮುಗಿಬಿದ್ದಾಗ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಗಂಟೆಗಟ್ಟಲೆ ಅನೇಕರಿಗೆ ಸಿಗಲಿಲ್ಲ.

ಮೂರನೆಯ ದಾರಿಯೂ ಇದೆ: ಮನೆಯ ರೌಟರನ್ನೇ ವಿಪಿಎನ್ ಸರ್ವರ್ ಮಾಡಿಕೊಳ್ಳುವುದು. ಫೋನಿನಿಂದ ಹೊರಟ ದತ್ತಾಂಶ ಗೂಢಲಿಪಿಯ ಸುರಂಗದೊಳಗೆ ಸಾಗಿ ಮನೆಯಲ್ಲಷ್ಟೇ ಬಿಚ್ಚಿಕೊಳ್ಳುತ್ತದೆ.

ಜಾಹೀರಾತಿನಲ್ಲಿ ಬರುವ ವಿಪಿಎನ್ ಬೇರೆ. ಅಲ್ಲಿ ಸುರಂಗದ ಇನ್ನೊಂದು ತುದಿ ಯಾವುದೋ ಕಂಪನಿಯ ಸರ್ವರ್‌ನಲ್ಲಿರುತ್ತದೆ. ಬ್ರಾಡ್‌ಬ್ಯಾಂಡ್ ಕಂಪನಿಯ ಮೇಲಿದ್ದ ನಂಬಿಕೆಯನ್ನು ಗ್ರಾಹಕ ಇನ್ನೊಂದು ಕಂಪನಿಗೆ ವರ್ಗಾಯಿಸಿ ಅದಕ್ಕೆ ಶುಲ್ಕವನ್ನೂ ಕಟ್ಟುತ್ತಾನೆ. ಗ್ರಾಹಕರ ಹೆಸರು, ವಿಳಾಸ, ಐಪಿ ವಿವರಗಳನ್ನು 5 ವರ್ಷ ಇಟ್ಟುಕೊಳ್ಳಬೇಕೆಂದು ಕೇಂದ್ರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಇಂಥ ಸೇವೆಗಳಿಗೆ ಸೂಚಿಸಿದ ಮೇಲೆ ಎಕ್ಸ್‌ಪ್ರೆಸ್‌ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್‌ವಿಪಿಎನ್ ಭಾರತದಲ್ಲಿದ್ದ ತಮ್ಮ ಸರ್ವರ್‌ಗಳನ್ನೇ ತೆಗೆದವು. ಸ್ವಂತ ರೌಟರ್‌ನ ಸುರಂಗಕ್ಕೆ ಮಧ್ಯವರ್ತಿಯೇ ಬೇಡ. ಅದು ಯಾರ ಗುರುತನ್ನೂ ಮರೆಮಾಡುವುದಿಲ್ಲ, ನಿಜ. ಆದರೆ ಮನೆಗೆ ಸುರಕ್ಷಿತ ದಾರಿಯನ್ನು, ಹೋಟೆಲ್–ರೈಲು ನಿಲ್ದಾಣಗಳ ವೈಫೈ ಬಳಸುವಾಗ ರಕ್ಷಣೆಯನ್ನು ಕೊಡುತ್ತದೆ. ಹೆಚ್ಚಿನ ಕುಟುಂಬಗಳಿಗೆ ಬೇಕಾಗಿರುವುದು ಇಷ್ಟೇ.

ಇದೆಲ್ಲ ಪರಿಣತರ ಕೆಲಸ ಎಂಬ ಮಾತು ಹಳೆಯದಾಯಿತು. 2020ರ ಮಾರ್ಚ್‌ನಲ್ಲಿ ಲಿನಕ್ಸ್‌ನ ತಿರುಳಿಗೇ ಸೇರಿದ ವೈರ್‌ಗಾರ್ಡ್ ಸುಮಾರು 4,000 ಸಾಲುಗಳ ಪುಟ್ಟ ವಿಪಿಎನ್ ತಂತ್ರಾಂಶ. ರೌಟರ್‌ಗೊಂದು, ಫೋನಿಗೊಂದು ಜೋಡಿ ಕೀಲಿ ತಯಾರಿಸಿ, ಸಾರ್ವಜನಿಕ ಕೀಲಿಗಳನ್ನು ಮಾತ್ರ ಅದಲುಬದಲು ಮಾಡಿಕೊಂಡರೆ ಬಹುಪಾಲು ಕೆಲಸ ಮುಗಿಯಿತು. ಕೆಲವು ರೌಟರ್‌ಗಳಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೇ ಸಾಕು. ವೈರ್‌ಗಾರ್ಡ್‌ನ ದೊಡ್ಡ ಗುಣವೆಂದರೆ ಮೌನ: ಸರಿಯಾದ ಕೀಲಿ ಇಲ್ಲದವರಿಗೆ ಅದು ಉತ್ತರವನ್ನೇ ಕೊಡುವುದಿಲ್ಲ, ಹಾಗಾಗಿ ಪೋರ್ಟ್‌ಗಳನ್ನು ತಡಕಾಡುವವರಿಗೆ ಅಲ್ಲೊಂದು ಬಾಗಿಲಿದೆ ಎಂಬುದೂ ತಿಳಿಯದು. ಒಂದು ಎಚ್ಚರಿಕೆ ಬೇಕು. ಎಷ್ಟೋ ಮನೆಗಳ ಒಳವಿಳಾಸ 192.168.1ರಿಂದಲೇ ಶುರುವಾಗುವುದರಿಂದ ಎರಡು ತುದಿಗಳು ಗೊಂದಲಕ್ಕೆ ಬೀಳುತ್ತವೆ. ಊರಿನ ರೌಟರ್‌ನಲ್ಲಿ ಮೂರನೆಯ ಅಂಕಿಯನ್ನು 73ಕ್ಕೋ 84ಕ್ಕೋ ಬದಲಿಸಿದರೆ ಆ ತೊಂದರೆ ಇರದು.

ನಿಜವಾದ ಅಡ್ಡಿ ಇರುವುದು ಬ್ರಾಡ್‌ಬ್ಯಾಂಡ್ ಕಂಪನಿಗಳ ಕಡೆ. ಹಳೆಯ ಮಾದರಿಯ ಐಪಿ ವಿಳಾಸಗಳು ಒಟ್ಟು 430 ಕೋಟಿಯಷ್ಟೇ. ಜಾಗತಿಕ ದಾಸ್ತಾನು 2011ರ ಫೆಬ್ರುವರಿಯಲ್ಲೇ ಖಾಲಿಯಾಯಿತು. ಹಾಗಾಗಿ ಅನೇಕ ಮನೆಗಳು ಒಂದೇ ಹೊರವಿಳಾಸ ಹಂಚಿಕೊಳ್ಳುತ್ತವೆ. ರೌಟರ್‌ನ ಪುಟದಲ್ಲಿ ವ್ಯಾನ್ ವಿಳಾಸ 100.64ರಿಂದ 100.127ರೊಳಗೆ ಶುರುವಾಗಿದ್ದರೆ ಹೊರಗಿನಿಂದ ಆ ಮನೆಗೆ ನೇರ ದಾರಿಯಿಲ್ಲ ಎಂದೇ ಅರ್ಥ. ಹೊಸ ಮಾದರಿಯಾದ ಐಪಿವಿ6ರಲ್ಲಿ ವಿಳಾಸಗಳಿಗೆ ಬರವಿಲ್ಲ, ಅದರ ಬಳಕೆಯಲ್ಲಿ ಭಾರತ ಜಗತ್ತಿನ ಮುಂಚೂಣಿಯಲ್ಲಿದೆ. ಆದರೂ ಕಂಪನಿ ಕೊಟ್ಟ ಪೆಟ್ಟಿಗೆಯೇ ಎಷ್ಟೋ ಕಡೆ ಒಳಬರುವ ಸಂಪರ್ಕವನ್ನು ತಡೆಯುತ್ತದೆ, ಅದರ ಅಡ್ಮಿನ್ ಪಾಸ್‌ವರ್ಡ್ ಗ್ರಾಹಕನ ಕೈಗೆ ಸಿಗುವುದಿಲ್ಲ. ತಿಂಗಳು ತಿಂಗಳು ಹಣ ಕಟ್ಟುವವರಿಗೆ ತಮ್ಮ ಮನೆಯ ಬಾಗಿಲನ್ನು ತಾವೇ ತೆರೆಯುವ ಹಕ್ಕಿಲ್ಲದಿರುವುದು ಅನ್ಯಾಯ. ಕೇಳಿದವರಿಗೆ ಆ ಪಾಸ್‌ವರ್ಡನ್ನೂ ತೆರೆದ ಐಪಿವಿ6 ಸಂಪರ್ಕವನ್ನೂ ಕೊಡಲೇಬೇಕೆಂದು ಟ್ರಾಯ್ ನಿಯಮ ಮಾಡಬೇಕು.

ಅಲ್ಲಿಯವರೆಗೆ, ಹೊಸ ರೌಟರ್ ಕೊಳ್ಳುವವರು ಅದರಲ್ಲಿ ವೈರ್‌ಗಾರ್ಡ್ ಸರ್ವರ್ ಇದೆಯೇ ಎಂದು ಅಂಗಡಿಯಲ್ಲೇ ಕೇಳಲಿ. ಕ್ಯಾಮೆರಾಕ್ಕಾಗಿ ಪೋರ್ಟ್ ತೆರೆದಿಟ್ಟಿರುವವರು ಅದನ್ನು ಇಂದೇ ಮುಚ್ಚಲಿ.